ಹತ್ತು 'ಅನ್' ಪದಗಳು

ವಿಮಲಾಕ್ಷಿ ಮಿಸ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಕ್ಕಳು ನನ್ನ ಬೆನ್ನ ಹಿಂದೆ ಆಡಿಕೊಳ್ಳುವುದು ನನಗೆ ಗೊತ್ತು. ಆಡಿಕೊಳ್ಳಲಿ. ಅದೇ ಮಾತನ್ನು ದಾವಣಗೆರೆಯಲ್ಲಿ ನಮ್ಮವ್ವ ನನ್ನ ಮುಖಕ್ಕೇ ಹೇಳುತ್ತಿದ್ದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ, ನಿವೃತ್ತಿಯಾಯಿತು, ಕೋಪಕ್ಕೆ ಮಾತ್ರ ನಿವೃತ್ತಿ ಸಿಗಲಿಲ್ಲ. 'ನನ್ನ ಕೋಪದಿಂದ ಇದುವರೆಗೆ ಯಾರೂ ಸತ್ತಿಲ್ಲ' ಎಂದು ಜಂಬದಿಂದ ಹೇಳುತ್ತಿದ್ದೆ. ಕಳೆದ ಭಾನುವಾರದಿಂದ ಆ ಮಾತು ಹೇಳುವುದನ್ನು ಬಿಟ್ಟಿದ್ದೇನೆ.

ರಿಚರ್ಡ್ಸ್ ಟೌನಿನಲ್ಲಿ ನಮ್ಮ ಮನೆಯ ಮುಂದಿನ ಹಾಲ್‌ನಲ್ಲಿ ಟ್ಯೂಷನ್ ಮಾಡುತ್ತೇನೆ. ಸೋಮವಾರ, ಗುರುವಾರ, ಶನಿವಾರ, ಸಂಜೆ ನಾಲ್ಕೂವರೆಯಿಂದ ಆರು. ಹನ್ನೆರಡು ಮಕ್ಕಳು, ಎಲ್ಲರೂ ನಾಲ್ಕನೇ, ಐದನೇ ಕ್ಲಾಸಿನವರು. ಕೈಯಲ್ಲಿ ಮಾಡಿದ್ದು ತಲೆಯಲ್ಲಿ ನಿಲ್ಲುತ್ತದೆ ಎನ್ನುವುದು ನನ್ನ ಪದ್ಧತಿ. ಪದ ಕಲಿತರೆ ಸಾಲದು, ಆ ಪದ ಹೇಳುವ ಕೆಲಸವನ್ನು ಮನೆಯಲ್ಲಿ ಮಾಡಬೇಕು. ಪುಸ್ತಕದಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ತಾನು ಏನು ಮಾಡಿದೆ ಎಂದು ಕನ್ನಡದಲ್ಲಿ ಒಂದು ವಾಕ್ಯ. ಗೈಡಿನಿಂದ ಕಾಪಿ ಹೊಡೆಯುವ ಮಾತೇ ಇಲ್ಲ.

ಗೈಡಿನಿಂದ ಹೊಡೆಯದಿದ್ದರೆ ತಾಯಂದಿರಿಂದ ಹೊಡೆಯುತ್ತಾರೆ, ಅದು ಬೇರೆ ಮಾತು.

ರಿಮ್ಶಾಗೆ ಒಂಬತ್ತು ವರ್ಷ. ಮಾಸ್ಕ್ ರೋಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಅವಳಪ್ಪ ವಕಾರ್‌ಗೆ ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ. ಜೊತೆಗೆ ಅವಳು ದಾದಾ ಎಂದು ಕರೆಯುವ ಅಜ್ಜ, ಬಷೀರ್ ಸಾಹೇಬರು. ತಾಯಿ ಶಿರೀನ್ ಕೋಲಾರದ ಕಡೆಯವಳು, ಅಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವಳು, ಮುತ್ತಿನಂಥ ಅಕ್ಷರ. ಆ ಅಕ್ಷರವೇ ಮೂರು ವಾರದ ಹಿಂದೆ ಮಗಳ ಹೋಮ್‌ವರ್ಕಿನಲ್ಲಿ ಕಂಡಾಗ ನನ್ನ ಮೂಗು ಕೆಂಪಾಯಿತು. ಸಂಜೆ ಆರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ತಾಯಂದಿರೆಲ್ಲ ಗೇಟಿನ ಹತ್ತಿರ ನಿಂತಿದ್ದರು. ಆ ಪುಸ್ತಕವನ್ನು ಎಲ್ಲರ ಮುಂದೆ ಎತ್ತಿ ಹಿಡಿದೆ.

"ಇದು ಮಗಳ ಅಕ್ಷರಾನಾ, ತಾಯಿ ಅಕ್ಷರಾನಾ?"

ಶಿರೀನ್ ಕಂಕುಳಲ್ಲಿ ಮಗ ಮುದಸ್ಸಿರ್‌ನನ್ನು ಎತ್ತಿಕೊಂಡಿದ್ದಳು. "ಅವಳಿಗೆ ಕೈ ನೋವು ಅಂದ್ಲು ಮಿಸ್. ಅವಳು ಹೇಳಿದ್ದನ್ನ ನಾನು ಬರೆದೆ ಅಷ್ಟೇ."

"ಹಾಗಾದ್ರೆ ನೀವೇ ಬಂದು ಕೂತ್ಕೊಳ್ಳಿ ಕ್ಲಾಸಲ್ಲಿ. ಮಗಳು ಮನೇಲಿ ಅಡುಗೆ ಮಾಡ್ಲಿ."

ಬೇರೆ ತಾಯಂದಿರು ನಕ್ಕರು. ನಕ್ಕಿದ್ದು ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ. "ಇನ್ನೊಂದು ಸಲ ಈ ಪುಸ್ತಕದಲ್ಲಿ ನಿಮ್ಮ ಕೈ ಕಂಡ್ರೆ ಮಗಳನ್ನ ಬೇರೆ ಕಡೆ ಸೇರಿಸ್ಕೊಳ್ಳಿ" ಎಂದು ಮೇಲೆ ಒಗ್ಗರಣೆಯನ್ನೂ ಹಾಕಿದೆ. ಶಿರೀನ್ ಮುಖ ಬಾಡಿತು. "ಇನ್ಮೇಲೆ ಮುಟ್ಟಲ್ಲ ಮಿಸ್" ಎಂದಳು. ಪಕ್ಕದಲ್ಲಿ ರಿಮ್ಶಾ ತನ್ನ ಚಪ್ಪಲಿ ನೋಡಿಕೊಂಡು ನಿಂತಿದ್ದಳು. ಆಮೇಲೆ ಅವಳು ಕ್ಲಾಸಿನಲ್ಲಿ ನನ್ನ ಒಂದೊಂದು ಮಾತನ್ನೂ ವೇದವಾಕ್ಯದಂತೆ ಪಾಲಿಸತೊಡಗಿದಳು. ಬೈದದ್ದು ನಾಟಿತು ಎಂದು ನಾನು ಬೀಗಿದೆ.

ಕಳೆದ ಗುರುವಾರ 'ಅನ್' ಪಾಠ. ಪದದ ಮೊದಲು ಅಂಟಿಕೊಳ್ಳುವ ಎರಡಕ್ಷರದ ತುಂಡು. ನನಗೆ ಬಹಳ ಇಷ್ಟದ ಪಾಠವದು. ಕರ್ಚೀಫಿಗೆ ಒಂದು ಗಂಟು ಹಾಕಿ ಮಕ್ಕಳ ಮುಂದೆ ಹಿಡಿದೆ.

"ನೋಡ್ರಪ್ಪ, ಈ ಅನ್‌ಗೆ ಎರಡು ಬುದ್ಧಿ. ಹ್ಯಾಪಿಗೆ ಅನ್ ಸೇರಿದ್ರೆ ಅನ್‌ಹ್ಯಾಪಿ, ಸಂತೋಷ ಇಲ್ಲ. ಫೇರ್‌ಗೆ ಸೇರಿದ್ರೆ ಅನ್‌ಫೇರ್, ನ್ಯಾಯ ಅಲ್ಲ. ಅಲ್ಲಿ ಅದು ಬರೀ 'ಇಲ್ಲ', 'ಅಲ್ಲ' ಅನ್ನುತ್ತೆ. ಆದ್ರೆ ಟೈಗೆ ಸೇರಿದ್ರೆ? ಅನ್‌ಟೈ." ಗಂಟು ಬಿಚ್ಚಿದೆ. "ಕಟ್ಟಿಲ್ಲ ಅಂತ ಅಲ್ಲ. ಕಟ್ಟಿದ್ದನ್ನ ಬಿಚ್ಚಿದೆ ಅಂತ. ಮಾಡಿದ ಕೆಲಸವನ್ನ ಹಿಂದಕ್ಕೆ ತಿರುಗಿಸೋದು. ಅನ್‌ಲಾಕ್, ಬೀಗ ತೆಗೆಯೋದು. ಅನ್‌ಫೋಲ್ಡ್, ಮಡಿಸಿದ್ದನ್ನ ಬಿಡಿಸೋದು. ಅನ್‌ಕವರ್, ಮುಚ್ಚಿದ್ದನ್ನ ತೆರೆಯೋದು. ಅನ್‌ರೋಲ್, ಸುತ್ತಿದ್ದನ್ನ ಹಾಸೋದು."

ರಿಮ್ಶಾ ಎದ್ದು ಕೈಕಟ್ಟಿ ನಿಂತಳು. ಹೆಸರು ಕರೆದಾಗ, ಪ್ರಶ್ನೆ ಕೇಳುವಾಗ ಎದ್ದು ಕೈಕಟ್ಟಿ ನಿಲ್ಲಬೇಕು, ಕೂರು ಎನ್ನುವ ತನಕ ಅಲ್ಲಾಡಬಾರದು. ಅದೂ ನನ್ನದೇ ನಿಯಮ.

"ಮಿಸ್, ಅನ್‌ಫಾಲ್ ಇದೆಯಾ?"

"ಇಲ್ಲಮ್ಮ. ಬಿದ್ದಿದ್ದು ಬಿದ್ದಿದ್ದೇ. ಒಡೆದಿದ್ದು ಒಡೆದಿದ್ದೇ. ಅದಕ್ಕೆಲ್ಲ ಅನ್ ಹತ್ತಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ಹಾಗೆ. ಕೂರು."

ಮಕ್ಕಳು ನಕ್ಕರು. ನಾನು ಹೋಮ್‌ವರ್ಕ್ ಕೊಟ್ಟೆ. ಮನೆಯಲ್ಲಿ ಹತ್ತು ಅನ್ ಕೆಲಸ ಮಾಡಬೇಕು, ಬರೆಯಬೇಕು, ಶನಿವಾರ ಪುಸ್ತಕ ಒಪ್ಪಿಸಬೇಕು. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ರಿಮ್ಶಾ ಮುಖ ಕಂಡು ಆ ಮುತ್ತಿನ ಅಕ್ಷರ ಮತ್ತೆ ನೆನಪಾಯಿತು, ಹೊಟ್ಟೆಯೊಳಗಿನ ಕಿಡಿ ಮತ್ತೆ ಹೊತ್ತಿತು.

"ಮನೇಲಿ ಯಾರಿಗೂ ಹೇಳಬಾರದು. ಅಮ್ಮಂಗೆ ಮೊದಲೇ ಹೇಳಬಾರದು. ಪುಸ್ತಕ ಯಾರೂ ಮುಟ್ಟಬಾರದು. ಇನ್ನೊಂದು ವಿಷಯ. ಬಿಚ್ಚಿದ್ದನ್ನ ತಕ್ಷಣ ಮತ್ತೆ ಕಟ್ಟಿಬಿಟ್ರೆ ಮಾಡಿದೀರೋ ಇಲ್ವೋ ನಿಮಗೇ ಮರೆತುಹೋಗುತ್ತೆ. ಸೋಮವಾರ 'ರೀ' ಪಾಠ. ರೀಟೈ, ರೀಫೋಲ್ಡ್, ರೀಪ್ಯಾಕ್. ಇರೋದನ್ನೆಲ್ಲ ಅವತ್ತು ವಾಪಸ್ ಮೊದಲಿನ ಹಾಗೆ ಮಾಡಿ. ಅಲ್ಲಿ ತನಕ ಹಾಗೇ ಬಿಡಬೇಕು. ಗೊತ್ತಾಯ್ತಾ?"

"ಯೆಸ್ ಮಿಸ್" ಎಂದು ಹನ್ನೆರಡು ಗಂಟಲು ಒಟ್ಟಿಗೆ ಹೇಳಿದವು.

ಶನಿವಾರ ರಿಮ್ಶಾ ಬರಲಿಲ್ಲ. ಅವರ ಓಣಿಯಲ್ಲೇ ಇರುವ ಭವ್ಯ ಅವಳ ಪುಸ್ತಕ ತಂದುಕೊಟ್ಟಳು.

"ರಿಮ್ಶಾ ಯಾಕೆ ಬಂದಿಲ್ಲ?"

"ಅವಳಿಗೆ ಮನೇಲಿ ಕೆಲಸ ಇದೆಯಂತೆ ಮಿಸ್. ಬರೋಕಾಗಲ್ಲ ಅಂದ್ಲು."

"ಒಂಬತ್ತು ವರ್ಷದ ಹುಡುಗಿಗೆ ಏನು ಕೆಲಸ? ಆಫೀಸಿಗೆ ಹೋಗ್ತಾಳಾ?"

"ಅವಳ ತಮ್ಮನ ಬರ್ತ್‌ಡೇ ಮಿಸ್ ನಾಳೆ. ಒಂದು ವರ್ಷ ಆಗುತ್ತೆ. ಈಗ ನಡೀತಾನೆ ಗೊತ್ತಾ?" ಭವ್ಯಳಿಗೆ ಆ ಮಗುವಿನ ನಡಿಗೆಯೇ ದೊಡ್ಡ ಸುದ್ದಿ. ನಾನು ಹೂಂ ಎಂದು ಪುಸ್ತಕವನ್ನು ರಾಶಿಯ ಅಡಿಗೆ ಸೇರಿಸಿದೆ.

ಆರು ಗಂಟೆಗೆ ಭವ್ಯಳ ಅಪ್ಪ ಶ್ರೀನಾಥ್ ಬಂದವರು ಗೇಟಿನಲ್ಲೇ ನಿಂತರು. ಅರ್ಧ ನಗು, ಅರ್ಧ ಸಿಟ್ಟು.

"ಏನ್ ಮೇಡಂ ಇದು, ಇವಳು ಗುರುವಾರ ರಾತ್ರಿ ನಮ್ಮನೆ ಫ್ರಿಜ್ ಪ್ಲಗ್ ಕಿತ್ತಿಟ್ಟಿದ್ದಾಳೆ. ಶುಕ್ರವಾರ ಸಾಯಂಕಾಲ ನಾವು ನೋಡಿದ್ದು. ದೋಸೆ ಹಿಟ್ಟು ಉಕ್ಕಿ ಕೆಳಗೆಲ್ಲಾ ಹರಿದಿದೆ. ಹಾಕೋಕೆ ಹೋದ್ರೆ ಅಳ್ತಾಳೆ, ಸೋಮವಾರದ ಪಾಠ ಅಂತೆ!"

ನಾನು ನಕ್ಕುಬಿಟ್ಟೆ. "ಅನ್‌ಪ್ಲಗ್. ಪದ ಸರಿಯಾಗಿ ಕಲಿತಿದ್ದಾಳೆ ಬಿಡಿ."

"ಫ್ರಿಜ್ ಆಗಿದ್ದಕ್ಕೆ ಸರಿ ಮೇಡಂ. ಗ್ಯಾಸ್ ಪೈಪ್ ಕಿತ್ತಿದ್ರೆ?"

"ನನ್ನ ಮಕ್ಕಳು ಅಷ್ಟು ಪೆದ್ದರಲ್ಲ ರೀ" ಎಂದೆ. ದನಿ ಗಡುಸಾಗಿಯೇ ಬಂತು. ಅವರು ಮಾತು ಬೆಳೆಸದೆ ಮಗಳನ್ನು ಕರೆದುಕೊಂಡು ಹೋದರು. ಯಾರಾದರೂ ನನ್ನ ಪಾಠಕ್ಕೆ ಕೊಂಕು ತೆಗೆದರೆ ನನಗೆ ಮೈ ಉರಿಯುತ್ತದೆ. ಆ ಉರಿಯಲ್ಲಿ ಅವತ್ತು ಪುಸ್ತಕಗಳನ್ನೇ ತೆರೆಯಲಿಲ್ಲ. ಗಾಡಿ ತುಂಬ ಎಚ್ಚರಿಕೆ ಹೊತ್ತು ಒಬ್ಬ ಮನುಷ್ಯ ಗೇಟಿನವರೆಗೆ ಬಂದಿದ್ದ, ನಾನು ಬಾಗಿಲು ಹಾಕಿಕೊಂಡೆ.

ಭಾನುವಾರ ಊಟ ಮುಗಿಸಿ, ಮೂರೂವರೆ ಹೊತ್ತಿಗೆ ಕೆಂಪು ಪೆನ್ನು ಹಿಡಿದು ಕೂತೆ. ಬಂದವರ ಪುಸ್ತಕ ಆಮೇಲೆ ನೋಡೋಣ, ಬಾರದವಳದು ಮೊದಲು ನೋಡೋಣ ಎಂದು ರಾಶಿಯ ಅಡಿಯಿಂದ ರಿಮ್ಶಾಳದನ್ನು ಎಳೆದೆ. ತಪ್ಪು ಸಿಕ್ಕರೆ ಸಾಕು ಎಂದು ಕಾಯುವ ಮನಸ್ಸು ನನ್ನದು ಆ ಹೊತ್ತಿನಲ್ಲಿ. ಅಕ್ಷರ ಅವಳದೇ, ಕೋಳಿ ಕಾಲಿನಂತೆ. ತಾಯಿ ಮುಟ್ಟಿಲ್ಲ. ಖುಷಿಯಾಯಿತು.

ಅನ್‌ಟೈ. ದಾದಾ ಶೂ ಲೇಸ್ ಬಿಚ್ಚಿದೆ. ರೈಟ್.

ಅನ್‌ಫೋಲ್ಡ್. ಅಮ್ಮಿ ಮಡಿಸಿದ ದುಪಟ್ಟಾ ಬಿಡಿಸಿದೆ. ರೈಟ್.

ಅನ್‌ಬಟನ್, ಅನ್‌ಜಿಪ್, ಅನ್‌ಪ್ಯಾಕ್. ಗುಂಡಿ, ಸ್ಕೂಲ್ ಬ್ಯಾಗು, ಬಲೂನಿನ ಪ್ಯಾಕೆಟ್. ಎಲ್ಲ ರೈಟ್.

ಅನ್‌ರಾಪ್. ತಮ್ಮನಿಗೆ ತಂದ ಗಿಫ್ಟ್ ಕಾಗದ ಬಿಚ್ಚಿ ನೋಡಿದೆ. ಮುಸಿಮುಸಿ ನಕ್ಕು ರೈಟ್ ಹಾಕಿದೆ.

ಅನ್‌ಪ್ಲಗ್. ಕಾಲಿಂಗ್ ಬೆಲ್ ಪ್ಲಗ್ ತೆಗೆದೆ. ರೈಟ್.

ಅನ್‌ಹುಕ್. ತಮ್ಮ ಹೊರಗೆ ಹೋಗಬಾರದು ಅಂತ ಅಬ್ಬಾ ಬಾಗಿಲಿಗೆ ಹಾಕಿದ ಅಡ್ಡ ಹಲಗೆಯ ಕೊಂಡಿ ತೆಗೆದೆ. ಹಲಗೆ ಹಾಗೇ ನಿಂತಿದೆ. ಯಾರಿಗೂ ಗೊತ್ತಾಗಿಲ್ಲ. ರೈಟ್.

ಅನ್‌ಕವರ್. ಪೋರ್ಟಿಕೋದಲ್ಲಿ ಸಂಪಿನ ತಗಡಿನ ಮುಚ್ಚಳ ತೆಗೆದೆ. ಎಳೆದು ಹಳೇ ಸೈಕಲ್ ಹಿಂದೆ ಇಟ್ಟೆ. ರೈಟ್.

ಅನ್‌ರೋಲ್. ಚಾಪೆ ಬಿಡಿಸಿ ಅದರ ಮೇಲೆ ಹಾಸಿದೆ. ಹಾರಬಾರದು ಅಂತ ಮೂಲೆಗೆ ಹೂಕುಂಡ ಇಟ್ಟೆ. ಈಗ ಯಾರಿಗೂ ಗೊತ್ತಾಗಲ್ಲ. ರೈಟ್.

ಹತ್ತಕ್ಕೆ ಹತ್ತು. ಪುಸ್ತಕ ಮುಚ್ಚಿ, ಭವ್ಯಳದನ್ನು ತೆರೆದು, ಮೊದಲ ಸಾಲಿಗೆ ಪೆನ್ನು ಊರಿದೆ. ಊರಿದ ಪೆನ್ನು ಅಲ್ಲೇ ನಿಂತಿತು.

ಯಾವುದರ ಮೇಲೆ ಚಾಪೆ?

ಮತ್ತೆ ತೆರೆದು ಓದಿದೆ. ಸಂಪು ಎಂದರೆ ನೆಲದೊಳಗಿನ ನೀರಿನ ತೊಟ್ಟಿ, ಎಂಟು ಅಡಿ ಆಳ, ಬಾಯಿ ಎರಡಡಿ ಅಗಲ. ಕಾವೇರಿ ನೀರು ಪೈಪಿನಲ್ಲಿ ತಾನಾಗಿ ಬಂದು ಬೀಳುತ್ತದೆ, ಮುಚ್ಚಳ ತೆಗೆದು ನೋಡುವ ಪ್ರಮೇಯ ತಿಂಗಳಿಗೊಮ್ಮೆಯೂ ಬರುವುದಿಲ್ಲ. ಶನಿವಾರ ನಮ್ಮ ಕಡೆಗೆಲ್ಲ ನೀರು ಬಿಟ್ಟಿದ್ದರು. ತೊಟ್ಟಿ ತುಂಬಿರುತ್ತದೆ. ಬಾಗಿಲಿನ ಹಲಗೆಗೆ ಕೊಂಡಿಯಿಲ್ಲ. ನಡೆಯಲು ಕಲಿತ ಮಗು. ಇವತ್ತು ಅದರ ಹುಟ್ಟುಹಬ್ಬ, ಮನೆ ತುಂಬ ಜನ ಬರುವವರು. ಯಾರಿಗೂ ಹೇಳಬಾರದು ಎಂದವಳು ನಾನು. ಹಾಗೇ ಬಿಡಬೇಕು ಎಂದವಳು ನಾನು. ಅಯ್ಯೋ ಶಿವನೇ.

ಶಿರೀನ್‌ಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಬೇರೆ ಯಾರ ನಂಬರೂ ನನ್ನಲ್ಲಿರಲಿಲ್ಲ. ಶ್ರೀನಾಥ್ ಅದೇ ಓಣಿ ಎಂದು ಹೊಳೆದು ಅವರಿಗೆ ಮಾಡಿದರೆ, "ಮೇಡಂ, ನಾವು ಹೊಸಕೋಟೆಗೆ ಬಂದಿದೀವಿ, ಮದುವೆ ಮನೇಲಿ" ಎಂದರು. ನಾನು ಏನೂ ಹೇಳದೆ ಇಟ್ಟುಬಿಟ್ಟೆ. ಪುಸ್ತಕಗಳನ್ನೆಲ್ಲ ಕೈಚೀಲಕ್ಕೆ ತುರುಕಿಕೊಂಡು, ಮನೆಯ ಚಪ್ಪಲಿಯಲ್ಲೇ ಬೀದಿಗೆ ಬಿದ್ದೆ.

ಮೊದಲ ಆಟೋದವನು ಬರುವುದಿಲ್ಲ ಎಂದ. ಎರಡನೆಯವನು ಬಂದ, ಆದರೆ ಮಾಸ್ಕ್ ರೋಡಿನ ತಿರುವಿನಲ್ಲಿ ಗಾಡಿಗಳೆಲ್ಲ ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಭಾನುವಾರ ಸಂಜೆಗೆ ಕಬಾಬಿನ ಅಂಗಡಿಗಳು ಆಗಲೇ ಇದ್ದಿಲು ಹಚ್ಚುತ್ತಿದ್ದವು. ಐವತ್ತರ ನೋಟು ಸೀಟಿನ ಮೇಲೆ ಎಸೆದು ಇಳಿದೆ. ನನಗೆ ಮಂಡಿ ನೋವು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೇನೆ. ಅವತ್ತು ಓಡಿದೆ. ಸೀರೆ ಎತ್ತಿ ಹಿಡಿದು, ಜನ ತಿರುಗಿ ನೋಡುತ್ತಿದ್ದಂತೆ ಓಡಿದೆ. ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು, ಆ ಹುಡುಗಿ ಕೈಕಟ್ಟಿ ನಿಂತು ಕೇಳಿದ್ದು. ಮಿಸ್, ಅನ್‌ಫಾಲ್ ಇದೆಯಾ?

ಓಣಿಯೊಳಗೆ ಅವರ ಮನೆ ಮುಂದೆ ಸದ್ದಿರಲಿಲ್ಲ. ಅಳುವ ಸದ್ದೂ ಇರಲಿಲ್ಲ, ನಗುವ ಸದ್ದೂ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಗೇಟಿಗೆ ಒಳಗಿನಿಂದ ಸರಪಳಿ ಹಾಕಿತ್ತು. ಬೆಲ್ ಒತ್ತಿದೆ. ಬೆಲ್ ಸತ್ತಿತ್ತು, ಸಾಯಿಸಿದ್ದು ಯಾರು ಎಂದು ನನ್ನ ಚೀಲದಲ್ಲೇ ಬರೆದಿತ್ತು.

ಗೇಟಿನ ಸರಳುಗಳ ನಡುವೆ ನೋಡಿದೆ. ಬಲಗಡೆ ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಆಳೆತ್ತರ ಪೇರಿಸಿದ್ದರು. ಹಾಗಾಗಿ ಬಾಗಿಲಿನಿಂದ ಗೇಟಿಗೆ ಬರಲು ಎಡಗಡೆ ಮಾತ್ರ ದಾರಿ. ಎಡಗಡೆ, ನಲ್ಲಿಯ ಪಕ್ಕ, ಹಸಿರು ಪ್ಲಾಸ್ಟಿಕ್ ಚಾಪೆ ಹಾಸಿತ್ತು. ಮೂಲೆಗಳಲ್ಲಿ ಹೂಕುಂಡ. ಚಾಪೆ ನಡುವೆ ಸ್ವಲ್ಪ ತಗ್ಗಿತ್ತು.

ಚಾಪೆಯ ಆಚೆ ಬದಿ ರಿಮ್ಶಾ ಗೋಡೆಗೆ ಒರಗಿ ನೆಲದ ಮೇಲೆ ಕೂತು ನಿದ್ದೆ ಹೋಗಿದ್ದಳು. ಹೊಸ ಫ್ರಾಕ್ ಹಾಕಿದ್ದರು, ತಲೆ ಬಾಚಿರಲಿಲ್ಲ. ಒಂದು ಕಾಲು ಚಾಪೆಯ ಅಂಚಿಗೆ ಅಡ್ಡವಾಗಿ ಚಾಚಿತ್ತು.

ಆಗ ಬಾಗಿಲಿನ ಹಲಗೆ ಮೆಲ್ಲಗೆ ಹೊರಗೆ ವಾಲಿ ಬಿತ್ತು. ಅದರ ಹಿಂದೆ ಮುದಸ್ಸಿರ್ ನಿಂತಿದ್ದ. ಜರಿಯ ಟೋಪಿ, ಕೈಯಲ್ಲಿ ಕೆಂಪು ಬಲೂನು. ಹಲಗೆ ಬಿದ್ದದ್ದು ಅವನಿಗೆ ಬಹಳ ಇಷ್ಟವಾಯಿತು, ಕಿಲಕಿಲ ನಕ್ಕ. ಎರಡು ಹೆಜ್ಜೆ ಇಟ್ಟು ಹೊಸ್ತಿಲು ದಾಟಿದ. ಬಲೂನು ಕೈಜಾರಿ ನೆಲಕ್ಕೆ ಬಿದ್ದು, ಉರುಳಿ, ಚಾಪೆಯ ನಡುವಿನ ತಗ್ಗಿನಲ್ಲಿ ಹೋಗಿ ಕೂತಿತು.

ಮುದ್ದೂ ಎಂದು ಕೂಗಲು ಬಾಯಿ ತೆರೆದೆ. ಕೂಗಲಿಲ್ಲ. ಕೂಗಿದರೆ ಅವನು ನನ್ನ ಕಡೆಗೇ ಬರುತ್ತಾನೆ, ನಮ್ಮಿಬ್ಬರ ನಡುವೆ ಇರುವುದು ಚಾಪೆ. ಕೊನೆಗೆ ಕ್ಲಾಸಿನ ದನಿ ತೆಗೆದೆ, ಹನ್ನೆರಡು ಮಕ್ಕಳನ್ನು ಒಮ್ಮೆಗೇ ಬೆಚ್ಚಿಬೀಳಿಸುವ ದನಿ.

"ರಿಮ್ಶಾ!"

ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ತಟ್ಟನೆ ಎದ್ದು, ಕೈಕಟ್ಟಿ, ನೇರ ನಿಂತಳು.

"ಯೆಸ್ ಮಿಸ್."

ನಿಂತೇ ಇದ್ದಳು. ಅವಳ ಕಾಲು ಅಡ್ಡ ಇದ್ದ ಜಾಗ ಈಗ ಖಾಲಿ. ಮುದಸ್ಸಿರ್ ಅವಳ ಪಕ್ಕದಲ್ಲೇ ಹೆಜ್ಜೆ ಇಡುತ್ತ ಬಲೂನಿನ ಕಡೆಗೆ ಹೊರಟ. ಅವಳು ಅವನನ್ನು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು, ಮುಂದಿನ ಮಾತಿಗೆ ಕಾಯುತ್ತಿದ್ದಳು. ಮಿಸ್ ಹೇಳದೆ ಅಲ್ಲಾಡಬಾರದು.

"ತಮ್ಮನ್ನ ಹಿಡ್ಕೊಳೇ! ಹಿಡ್ಕೋ!"

ಮಗುವಿನ ಬಲಗಾಲು ಚಾಪೆಯ ಮೇಲಿತ್ತು. ಚಾಪೆ ಅವನ ಅಡಿಯಲ್ಲಿ ಜಗ್ಗಿತು, ಒಂದು ಹೂಕುಂಡ ಜಾರಿ ಮಗುಚಿತು. ರಿಮ್ಶಾ ಎರಡೂ ಕೈಯಿಂದ ಅವನ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದಳು. ಇಬ್ಬರೂ ಹಿಂದಕ್ಕೆ ಬಿದ್ದರು. ಚಾಪೆ, ಬಲೂನು, ಹೂಕುಂಡದ ಮಣ್ಣು ಎಲ್ಲ ಒಟ್ಟಿಗೆ ಒಳಕ್ಕೆ ಹೋದವು. ನೀರಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೆಂಪು ಬಲೂನೊಂದೇ ಮೇಲಕ್ಕೆ ಬಂದು ಸಂಪಿನ ಬಾಯಲ್ಲಿ ತೇಲಿತು.

ಮಗು ಕಿರುಚಿ ಅತ್ತಿತು. ಶಿರೀನ್ ಅಡುಗೆಮನೆಯಿಂದ ಓಡಿಬಂದಳು, ಕೈಯೆಲ್ಲ ಹಿಟ್ಟು. ಅವಳ ಹಿಂದೆ ಮಾವ ಬಷೀರ್ ಸಾಹೇಬರು, ಕೋಲೂರಿಕೊಂಡು.

"ಅಲ್ಲಿಂದ ಬರಬೇಡಿ! ಶಿರೀನ್, ನಿಲ್ಲಿ!" ಎಂದು ನಾನು ಗೇಟು ಅಲ್ಲಾಡಿಸುತ್ತ ಕೂಗಿದೆ. ಅವಳು ನಿಂತಳು, ಕೆಳಗೆ ನೋಡಿದಳು. ಯಾ ಅಲ್ಲಾ ಎಂದು ಕುಸಿದು ಮಗುವನ್ನು ಬಾಚಿ ಅಪ್ಪಿಕೊಂಡಳು. ಅವನ ಹೊಸ ಬಟ್ಟೆಗೆಲ್ಲ ಹಿಟ್ಟು ಮೆತ್ತಿತು.

ಬಷೀರ್ ಸಾಹೇಬರು ಗೋಡೆ ಹಿಡಿದುಕೊಂಡೇ ಸುತ್ತಿ ಬಂದು ಸರಪಳಿ ತೆಗೆದರು. "ಮುಚ್ಚಳ ಯಾರು ತೆಗೆದಿದ್ದು? ನೀರಿನವ್ರಾ? ಕುರ್ಚಿ ತಂದವ್ರಾ? ಸುಮ್ನೆ ಬಿಡಲ್ಲ ಅವ್ರನ್ನ."

ರಿಮ್ಶಾ ನೆಲದ ಮೇಲೆ ಕೂತೇ ಇದ್ದಳು, ಮೊಣಕೈ ತರಚಿ ರಕ್ತ ಬಂದಿತ್ತು. ಅಜ್ಜನನ್ನಾಗಲಿ ತಾಯಿಯನ್ನಾಗಲಿ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಹೇಳಬಾರದು ಎಂದವಳು ನಾನಲ್ಲವೇ, ಹೇಳಬೇಕಾದವಳೂ ನಾನೇ.

"ನೀರಿನವರಲ್ಲ ಸಾಹೇಬ್ರೇ. ನಾನು ತೆಗೆಸಿದ್ದು. ಹೋಮ್‌ವರ್ಕ್ ಕೊಟ್ಟಿದ್ದೆ."

ಅವರಿಗೆ ಅರ್ಥವಾಗಲಿಲ್ಲ. ಶಿರೀನ್‌ಗೆ ಮೆಲ್ಲಗೆ ಅರ್ಥವಾಯಿತು. ಅವಳು ಮಗಳ ಕಡೆ ತಿರುಗಿದಳು.

"ಅದಕ್ಕಾ ನೀನು ಮೂರು ದಿನದಿಂದ ಇಲ್ಲೇ ಕೂತಿದ್ದು?" ಆಮೇಲೆ ನನಗೆ ಹೇಳಿದಳು, "ಶುಕ್ರವಾರ ಬೆಳಿಗ್ಗೆಯಿಂದ ಇಲ್ಲಿಂದ ಎದ್ದಿಲ್ಲ ಮಿಸ್ ಇವಳು. ಸ್ಕೂಲಿಗೆ ಹೋಗಲ್ಲ, ಹೊಟ್ಟೆ ನೋವು ಅಂದ್ಲು. ಊಟ ಇಲ್ಲಿಗೇ ತಗೊಂಡು ಬಾ ಅಂತಾಳೆ. ತಮ್ಮ ಹತ್ರ ಬಂದ್ರೆ ಎತ್ಕೊಂಡು ಒಳಗೆ ಬಿಟ್ಟು ಬರ್ತಾಳೆ. ದಾದಾ ನಮಾಜಿಗೆ ಹೋಗುವಾಗ ಕೈ ಹಿಡಿದು ಕರ್ಕೊಂಡು ಹೋಗಿ ಗೇಟಿಗೆ ಬಿಡ್ತಾಳೆ. ಎಷ್ಟು ಒಳ್ಳೆ ಹುಡುಗಿ ಆಗ್ಬಿಟ್ಲು ಅಂತ ಅಂದ್ಕೊಂಡೆ ನಾನು."

ಪೇರಿಸಿದ್ದ ಕುರ್ಚಿಗಳನ್ನು ಹಿಡಿದುಕೊಂಡೆ. ಮನೇಲಿ ಕೆಲಸ ಇದೆ ಎಂದು ಹೇಳಿಕಳಿಸಿದ್ದಳಲ್ಲ, ಇದು ಆ ಕೆಲಸ. ಆಫೀಸಿಗೆ ಹೋಗ್ತಾಳಾ ಎಂದು ನಾನು ಕೇಳಿದ್ದೆ.

"ಮುಚ್ಚಿಬಿಡೋದಲ್ವೇನೇ ಮರಿ? ಭಯ ಆದಾಗ ಮುಚ್ಚಿಬಿಡೋದಲ್ವಾ?" ಎಂದೆ.

ರಿಮ್ಶಾ ಎದ್ದು ನಿಂತಳು. ತರಚಿದ ಮೊಣಕೈಯನ್ನೇ ಮಡಿಸಿ ಮತ್ತೆ ಕೈಕಟ್ಟಿದಳು.

"ಇವತ್ತು ಭಾನುವಾರ ಮಿಸ್. ಈಗಲೇ ಮುಚ್ಚಬಹುದಾ?"

ಬಷೀರ್ ಸಾಹೇಬರು ಮುಖ ಆಚೆ ತಿರುಗಿಸಿದರು. ನಾನು ಹಳೆಯ ಸೈಕಲಿನ ಹಿಂದಿನಿಂದ ತಗಡಿನ ಮುಚ್ಚಳ ಎಳೆದು ತಂದೆ. ಅಷ್ಟು ಭಾರವನ್ನು ಈ ಕಡ್ಡಿಯಂಥ ಕೈಗಳು ಹೇಗೆ ಎಳೆದವೋ. ನಾನೂ ರಿಮ್ಶಾಳೂ ಸೇರಿ ಅದನ್ನು ಸಂಪಿನ ಮೇಲೆ ಕೂರಿಸಿದೆವು. ಬಲೂನು ಒಳಗೇ ಉಳಿಯಿತು, ಯಾರೂ ತೆಗೆಯಲು ಹೋಗಲಿಲ್ಲ. ಕೂರು ಎಂದು ನಾನು ಹೇಳಿದ ಮೇಲೆಯೇ ಅವಳು ಮೆಟ್ಟಿಲ ಮೇಲೆ ಕೂತಳು, ಕೂತವಳೇ ಅಳಲು ಶುರು ಮಾಡಿದಳು.

ನಾನು ಚೀಲದಿಂದ ಪುಸ್ತಕ ತೆಗೆದು ಶಿರೀನ್ ಮುಂದೆ ಹಿಡಿದೆ. "ಓದಿ. ಎಲ್ಲ ಬರೆದಿದ್ದಾಳೆ. ಬೈಯೋದಾದ್ರೆ ನನಗೆ ಬೈಯಿರಿ."

ಅವಳು ಕೈ ಚಾಚಲಿಲ್ಲ. ಹಿಟ್ಟಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ನಾನು ಮುಟ್ಟಲ್ಲ ಮಿಸ್. ನೀವೇ ಹೇಳಿದ್ರಲ್ಲ." ಕೊಂಕು ಮಾತಲ್ಲ ಅದು. ನಿಜವಾಗಿಯೂ ಹಾಗೇ ಹೇಳಿದಳು. "ಗುರುವಾರ ರಾತ್ರಿಯಿಂದ ಶನಿವಾರದವರೆಗೂ ಫ್ರಿಜ್ ಮೇಲೇ ಇತ್ತು ಈ ಪುಸ್ತಕ. ದಿನಾ ಒರೆಸುವಾಗ ಎತ್ತಿಡ್ತಿದ್ದೆ, ಬಟ್ಟೇಲಿ ಹಿಡ್ಕೊಂಡು. ಒಳಗೆ ನೋಡ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡು ಏಟು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಕೈಮುಗಿದೆ. "ತಪ್ಪಾಯ್ತಮ್ಮ. ಎಲ್ಲರ ಮುಂದೆ ನಿಮಗೆ ಹಾಗೆ ಅನ್ನಬಾರದಿತ್ತು. ದಯವಿಟ್ಟು ನೋಡಿ" ಎಂದೆ. ಆಡಿದ ಮಾತು ವಾಪಸ್ ಬರುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುವವಳು ಅದನ್ನೇ ವಾಪಸ್ ತೆಗೆದುಕೊಳ್ಳಲು ನಿಂತಿದ್ದೆ.

ಶಿರೀನ್ ಮಗುವನ್ನು ಮಾವನ ಕೈಗೆ ಕೊಟ್ಟು, ಕೈ ತೊಳೆದು, ದುಪಟ್ಟಾಗೆ ಒರೆಸಿಕೊಂಡು, ಪುಸ್ತಕ ತೆಗೆದುಕೊಂಡಳು. ಮಗಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಎಂಟನೆಯದರಲ್ಲಿ ಬೆರಳು ನಿಧಾನವಾಯಿತು. ಒಂಬತ್ತು. ಹತ್ತನೆಯದರ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಬೆರಳು ಅಂಚಿಗೆ ಸರಿದು ನನ್ನ ಕೆಂಪು ಗುರುತಿನ ಮೇಲೆ ಬಂತು.

ತಲೆ ಎತ್ತಿ ನನ್ನನ್ನು ನೋಡಿದಳು.

"ಮಿಸ್, ಇದಕ್ಕೂ ರೈಟ್ ಹಾಕಿದೀರಲ್ಲ."

ಪೇರಿಸಿದ ಕುರ್ಚಿಗಳಿಂದ ಒಂದನ್ನು ಇಳಿಸಿಕೊಂಡು ಅಲ್ಲೇ ಪೋರ್ಟಿಕೋದಲ್ಲಿ ಕೂತೆ. ಚೀಲದಲ್ಲಿ ಇನ್ನೂ ಹನ್ನೊಂದು ಪುಸ್ತಕಗಳಿದ್ದವು. ಹನ್ನೊಂದು ಮನೆ, ಒಂದೊಂದು ಮನೆಯಲ್ಲಿ ಹತ್ತು. ಸೋಮವಾರಕ್ಕೆ ಇನ್ನೂ ಒಂದು ರಾತ್ರಿ ಬಾಕಿ ಇತ್ತು. ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನು ತೆಗೆಯದೆ, ಮೇಲಿನ ಪುಸ್ತಕ ತೆರೆದು ಮೊದಲ ಸಾಲಿನಿಂದ ಓದತೊಡಗಿದೆ.